ಶಿಲುಬೆಯಿಂದ ಒಂದು ಬೆರಳು ದೂರ

ನನ್ನ ಗಂಡ ಜಾರೆನು ಮಂತ್ರಿಯಾಗಿದ್ದದ್ದು ಮೂವತ್ತನಾಲ್ಕು ದಿನ. ಆ ಸಂಪುಟದಲ್ಲಿ ಎಂಟು ಜನರಿದ್ದರು. ಸಂಸತ್ತಿನಲ್ಲಿ ಒಬ್ಬ ಸದಸ್ಯ ಪಕ್ಷ ಬದಲಿಸಿದ, ಸರ್ಕಾರ ಬಿತ್ತು. ಇವರಿಗೆ ಸಿಕ್ಕಿದ್ದು ಅಂಚೆ ಖಾತೆ. ಮೇಜಿನ ಬೀಗದ ಕೈ ಹುಡುಕುವುದರೊಳಗೆ ಮೇಜೇ ಹೋಯಿತು ಎಂದು ಅವರು ನಗುತ್ತಿದ್ದರು.

ಅವರು ತೀರಿಕೊಂಡ ಮೂವತ್ತನೆಯ ದಿನ ಬಲಿಪೂಜೆ ಮುಗಿಸಿ ಮನೆಗೆ ಬಂದಾಗ ಬಾಗಿಲಲ್ಲಿ ವಿತೊರ್ ನಿಂತಿದ್ದ. ಹಬ್ಬಗಳಲ್ಲಿ ವಾದ್ಯ ನುಡಿಸುವ ಎರಡು ಬ್ಯಾಂಡ್ ಕ್ಲಬ್ಬುಗಳು ನಮ್ಮೂರಿನಲ್ಲಿವೆ, ಕೆಂಪು ಮತ್ತು ನೀಲಿ; ಅವನು ನಮ್ಮ ಕೆಂಪು ಕ್ಲಬ್ಬಿನ ಕಾರ್ಯದರ್ಶಿ. ನಮ್ಮವರಲ್ಲಿ ಮಂತ್ರಿಗಳಾದವರು ತೀರಿಕೊಂಡ ಮೇಲೆ ಅವರ ಚಿತ್ರವನ್ನು ಕ್ಲಬ್ಬಿನ ಗೋಡೆಗೆ ಹಾಕುತ್ತಾರೆ. ಪ್ರಮಾಣವಚನದ ಕೊನೆಯಲ್ಲಿ ಶಿಲುಬೆಗೆ ಮುತ್ತಿಡುವ ಗಳಿಗೆಯ ಚಿತ್ರವೇ ಆಗಬೇಕು. ಬೇರೆಯದನ್ನು ಹಾಕಿದ್ದಿಲ್ಲ.

"ಚೆತ್ತಮ್ಮ, ಒಂದು ಎಡವಟ್ಟಾಗಿದೆ," ಎಂದು ಅವನು ಲಕೋಟೆಯಿಂದ ಹಳೆಯ ಚಿತ್ರವೊಂದನ್ನು ತೆಗೆದ. "ಪತ್ರಿಕೆಯವರ ಹತ್ತಿರ ಇದೊಂದೇ ಇತ್ತು. ನೀವೇ ನೋಡಿ."

ಜಾರೆನು ಶಿಲುಬೆ ಹಿಡಿದಿದ್ದರು. ಮುಖ ಬಾಗಿತ್ತು. ಆದರೆ ತುಟಿ ಬಿಗಿದಿತ್ತು. ಶಿಲುಬೆಗೂ ಬಾಯಿಗೂ ನಡುವೆ ಒಂದು ಬೆರಳಿನಷ್ಟು ಜಾಗ.

"ನೀಲಿಯವರು ಹೇಳ್ತಿದ್ದದ್ದು ಸುಳ್ಳಲ್ಲ ಅಂತ ಆಯ್ತಲ್ಲ," ಎಂದ ವಿತೊರ್. "ಇದನ್ನ ಹಾಕಿದ್ರೆ ಅವರಿಗೆ ಹಬ್ಬ. ಹಾಕದೇ ಇದ್ರೆ ಗೋಡೆ ಖಾಲಿ. ಭಾನುವಾರದೊಳಗೆ ಒಂದು ಮಾತು ಹೇಳಿ."

ನೀಲಿ ಕ್ಲಬ್ಬಿನವರು ನಲವತ್ತು ವರ್ಷ ಪ್ರತಿ ಹಬ್ಬಕ್ಕೂ ನಮ್ಮ ಕಿಟಕಿಯ ಕೆಳಗೆ ನಿಂತು ಕೂಗಿದವರು: "ಮುತ್ತಿಡದ ಮಂತ್ರಿಗೆ ಮೂವತ್ನಾಲ್ಕೇ ದಿನ!" ನಾನು ಕೇಳಿದಾಗಲೆಲ್ಲ ಜಾರೆನು ಮೇಲೆ ಕೈ ತೋರಿಸಿ, "ಅದು ನನಗೂ ಅವನಿಗೂ ಸೇರಿದ್ದು," ಎಂದು ಕಹಳೆ ಉಜ್ಜಲು ಕೂರುತ್ತಿದ್ದರು. ನಮ್ಮ ಬ್ಯಾಂಡಿನಲ್ಲಿ ಅವರಷ್ಟು ಚೆನ್ನಾಗಿ ಕಹಳೆ ಊದುವವರು ಇರಲಿಲ್ಲ.

ಪ್ರಮಾಣವಚನವನ್ನು ನಾನು ನೋಡಿರಲಿಲ್ಲ. ಆ ಎರಡು ವಾರ ಹೆರಿಗೆ ಆಸ್ಪತ್ರೆಯಲ್ಲಿದ್ದೆ, ಗಂಡಸರನ್ನು ಒಳಗೆ ಬಿಡುತ್ತಿರಲಿಲ್ಲ. ಈಗ ಚಿತ್ರವನ್ನು ಮೇರಿ ಮಾತೆಯ ದೀಪದ ಬಳಿ ಇಟ್ಟು ಜಪಮಾಲೆ ಹಿಡಿದರೆ ಎಣಿಕೆ ತಪ್ಪುತ್ತಿತ್ತು. ಬಾಯಲ್ಲಿ ಆಣೆ ಹೇಳಿ ತುಟಿಯನ್ನು ತಡೆದವರು ದೇವರ ಮುಂದೆ ಏನೆಂದು ನಿಂತಿದ್ದಾರೆ? ಪಾದ್ರಿಯನ್ನು ಕೇಳುವ ಧೈರ್ಯ ಬರಲಿಲ್ಲ.

ಆ ಎಂಟು ಮಂತ್ರಿಗಳಲ್ಲಿ ಉಳಿದವರು ಸ್ಪಿರು ಒಬ್ಬರೇ. ರಬಾತ್ ಎಂಬ ಊರಿನಲ್ಲಿ ಸಿಸ್ಟರುಗಳು ನಡೆಸುವ ವೃದ್ಧರ ಮನೆಯಲ್ಲಿದ್ದರು. ಮಾರನೆಯ ದಿನ ಕಾಕಂಬಿ ಹೂರಣ ತುಂಬಿ ಬಳೆಯಂತೆ ಸುತ್ತಿ ಬೇಯಿಸಿದ ತಿಂಡಿ ಕಟ್ಟಿಕೊಂಡು ಬಸ್ಸು ಹತ್ತಿದೆ.

"ಬಾ ತಂಗಿ," ಎಂದರು ಸ್ಪಿರು. "ಹಲ್ಲಿಲ್ಲದವನಿಗೆ ಬಳೆ ತಂದಿದ್ದೀಯ. ಚಹಾದಲ್ಲಿ ಅದ್ದಿ ಕೊಡು."

ಚಿತ್ರ ಕೈಗಿಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನಕ್ಕರು.

"ಪಕ್ಕದಲ್ಲಿ ಅರ್ಧ ಕಾಣೋ ಕಿವಿ ನಂದು. ಹಾಗಾದ್ರೆ ಅವನು ನಿನಗೂ ಹೇಳಲಿಲ್ಲ?"

"ಏನನ್ನ?"

"ಅವನ ತುಟಿ ಸೀಳಿತ್ತು. ಕರವಸ್ತ್ರದ ತುಂಬ ರಕ್ತ. ಇದೇನಯ್ಯ, ಮಂತ್ರಿ ಆಗೋಕೆ ಹೊಡೆದಾಡಿಕೊಂಡು ಬಂದ್ಯಾ ಅಂದೆ. ಹಿಂದಿನ ದಿನ ಗೋಜೋ ದ್ವೀಪದಲ್ಲಿ ಒಂದು ಹಬ್ಬವಂತೆ. ನಿಮ್ಮೂರಿನ ನೀಲಿ ಬ್ಯಾಂಡಿಗೆ ಕರೆ ಬಂದಿತ್ತು. ಅವರ ಕಹಳೆಯವನಿಗೆ ದವಡೆ ಊದಿ ಬಾಯೇ ತೆರೆಯೋಕೆ ಆಗ್ತಿರಲಿಲ್ಲ. ಅವರ ಮುಖ್ಯಸ್ಥ ಬಂದು ಇವನ ಕೈ ಹಿಡಿದ."

ನನ್ನ ಕೈಯಲ್ಲಿದ್ದ ಬಳೆ ಚಹಾಕ್ಕೆ ಬಿತ್ತು.

"ನೀಲಿಯವರಿಗೆ ಇವರು ಊದಿದರೇ?"

"ಅವರ ಟೋಪಿ ಹಾಕಿಕೊಂಡು, ಬಿಡದೆ ಆರು ಗಂಟೆ! ತುಟಿ ಸೀಳದೆ ಇರುತ್ತಾ? ಮಾರನೇ ಬೆಳಿಗ್ಗೆ ಮಂತ್ರಿ ಆಗೋಕೆ ಕರೆ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು? ಬಾಯಿ ಬಿಡಬಾರದು ಅಂತ ಎರಡೂ ಕಡೆ ಆಣೆ. ಶತ್ರುವಿನ ಕಹಳೆ ಎರವಲು ತಂದರು ಅಂದ್ರೆ ಅವರ ಮಾನ ಹೋಗುತ್ತೆ. ಇವನನ್ನ ನಿಮ್ಮವರು ಉಳಿಸ್ತಿದ್ರಾ? ನಾನು ಬೇರೆ ಊರವನು, ನನಗೆ ಹೇಳಿದ್ರೆ ಹೇಳಿದ ಹಾಗಲ್ಲ ಅಂದುಕೊಂಡ."

"ಶಿಲುಬೆ?"

"ಸ್ವಾಮಿಯ ಮೈಗೆ ನನ್ನ ರಕ್ತ ಮೆತ್ತಲಾ ಅಂದ. ಹಣೆಗೆ ಒತ್ತಿಕೊಂಡ. ಹನ್ನೆರಡನೇ ದಿನ ತುಟಿ ವಾಸಿಯಾಯ್ತು. ನನ್ನನ್ನ ಎಳೆದುಕೊಂಡು ನಾವು ಪ್ರಮಾಣ ಮಾಡಿದ ಅರಮನೆಗೇ ಹೋದ. ಆಳಿನ ಹತ್ತಿರ ಬೀರು ತೆಗೆಸಿ ಶಿಲುಬೆಗೆ ಮುತ್ತಿಟ್ಟ. ಇವತ್ತು ಮಂತ್ರಿಯಾದೆ ಅಂದ. ಹೆಚ್ಚು ದಿನ ಉಳಿಯಲಿಲ್ಲ, ಬಿಡು."

ಹಿಂದಿರುಗುವಾಗ ಬಸ್ಸಿನಲ್ಲಿ ಜಪಮಾಲೆ ಒಂದು ಮಣಿಯೂ ತಪ್ಪದೆ ಮುಗಿಯಿತು. ಆದರೂ ಅಳು ನಿಲ್ಲಲಿಲ್ಲ. ಅವರು ಯಾರ ಮಾನ ಕಾದರೋ ಅವರೇ ಕಿಟಕಿಯ ಕೆಳಗೆ ಕೂಗುತ್ತಿದ್ದರು. ಆ ಗುಂಪಿನಲ್ಲಿ ಎಷ್ಟು ಜನಕ್ಕೆ ನಿಜ ಗೊತ್ತಿತ್ತೋ!

ಹೇಳಿದರೆ ನಮ್ಮವರು ಚಿತ್ರ ಹಾಕುವುದಿಲ್ಲ. ಹೇಳದಿದ್ದರೆ ಇವರು ಮುತ್ತಿಡದ ಮಂತ್ರಿಯಾಗಿಯೇ ಉಳಿಯುತ್ತಾರೆ. ಅವರ ಆಣೆ ಅವರೊಂದಿಗೆ ಮಣ್ಣಿಗೆ ಹೋಯಿತು. ನಾನು ಯಾರಿಗೂ ಆಣೆ ಇಟ್ಟಿರಲಿಲ್ಲ.

ಶನಿವಾರ ವಿತೊರ್ ಬಂದ. ಎಲ್ಲವನ್ನೂ ಹೇಳಿದೆ. ಅವನ ಮುಖ ಕ್ಲಬ್ಬಿನ ಬಾವುಟಕ್ಕಿಂತ ಕೆಂಪಾಯಿತು.

"ನಮ್ಮ ಜಾರೆನು ಮಾವ? ನೀಲಿ ಟೋಪಿಯಲ್ಲಿ?"

"ಹೌದಪ್ಪ. ಬೇಡದಿದ್ದರೆ ಚಿತ್ರ ಇಲ್ಲೇ ಬಿಡು. ಮೇರಿ ಮಾತೆಯ ಪಕ್ಕದಲ್ಲಿ ಜಾಗ ಇದೆ."

ಅವನು ಚಿತ್ರವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಆ ಬಿಗಿದ ತುಟಿಯನ್ನೇ ನೋಡಿದ. ಅವನೂ ಕಹಳೆ ಊದುವವನೇ. ಬೆರಳು ತಾನಾಗಿ ತನ್ನ ತುಟಿಯ ಮೇಲೆ ಹೋಯಿತು.

"ಆರು ಗಂಟೆ," ಎಂದ ಮೆಲ್ಲಗೆ. "ನನ್ನ ಕೈಲಿ ಮೂರೂ ಆಗಲ್ಲ."

ಚಿತ್ರವನ್ನು ಲಕೋಟೆಗೆ ಹಾಕಿ ಕಂಕುಳಲ್ಲಿ ಇಟ್ಟುಕೊಂಡು ಎದ್ದ. ಹೊಸ್ತಿಲಲ್ಲಿ ತಿರುಗಿದ.

"ಗೋಡೆಗೆ ಮೊಳೆ ಹೊಡೆದಾಗಿದೆ, ಚೆತ್ತಮ್ಮ. ಅಂದ ಹಾಗೆ, ಅವರ ಬ್ಯಾಂಡಿನ ಜೊತೆ ಯಾವ ರಾಗ ಊದಿದ್ರಂತೆ?"

ಅದನ್ನು ಕೇಳುವುದು ನನಗೆ ಹೊಳೆದೇ ಇರಲಿಲ್ಲ.