ಜೇಬಿನೊಳಗಿನ ಕೈ

“ಸೊಕ್ಕು ಅಂತಾರೆ ದೊಡ್ಡಮ್ಮ. ಕೋಟಿನ ಜೇಬಲ್ಲಿ ಕೈಯಿಟ್ಕೊಂಡು ನಡೀತಾಳೆ, ಎದುರಿಗೆ ಯಾರು ಬಂದ್ರೂ ಕೈ ಎತ್ತಿ ಮಾತಾಡ್ಸಲ್ಲ ಅಂತ. ನಿಮಗಾದ್ರೆ ಹೇಳ್ತೀನಿ, ಆ ಜೇಬಿಗೆ ತಳಾನೇ ಇಲ್ಲ. ನಾನೇ ಕತ್ತರಿಸಿದೆ. ಒಳಗಿಂದ ಪ್ಯಾಂಟಿನ ಸೊಂಟಪಟ್ಟಿ ಹಿಡ್ಕೊಂಡಿರ್ತೀನಿ. ಕೈ ಬಿಟ್ರೆ ಮುಗೀತು, ನಡುಬೀದೀಲಿ ಮಾನ ಹರಾಜು. ಬೆಲ್ಟು ಹಾಕ್ಕೋ ಅಂತೀರಿ. ಹಾಕಿದ್ದೆ. ಚೀಲದ ಬಾಯಿಗೆ ದಾರ ಬಿಗಿದ ಹಾಗೆ ಸುತ್ತ ನೆರಿಗೆ ಎದ್ದು ಕೋಟು ಹಿಂದೆ ಗೂನಿನ ಥರ ಉಬ್ಬುತ್ತೆ. ನಮ್ಮ ಅಂಗಡಿ ಯಜಮಾನ್ರ ಕಣ್ಣಿಗೆ ಬೇರೆ ಏನೂ ಬೀಳಲ್ಲ, ಅದೊಂದು ಬೀಳುತ್ತೆ. ಪಿನ್ನು ಹಾಕಿದ್ದೆ. ಒಬ್ರು ದೊಡ್ಡಮನುಷ್ಯರ ಮೂಗಿನ ಮೇಲೆ ಕನ್ನಡಕ ಕೂರಿಸ್ತಾ ಇದ್ದಾಗ ಅದು ಬಿಚ್ಕೊಂಡು ಹೊಟ್ಟೆಗೆ ಚುಚ್ತು. ‘ಅಯ್ಯಯ್ಯೋ’ ಅಂದೆ. ಅವರು ಕನ್ನಡಿ ನೋಡ್ಕೊಂಡು, ‘ಅಷ್ಟೊಂದು ಕೆಟ್ಟದಾಗಿದ್ಯಾ?’ ಅಂತ ಕನ್ನಡಕ ತೆಗೆದಿಟ್ಟು ಎದ್ದೇ ಹೋದ್ರು. ಹೊಲಿಸ್ಕೊಳ್ಳೋಣ ಅಂದ್ರೆ ಇವತ್ತು ಹೊಲಿದದ್ದು ಹದಿನೈದು ದಿನಕ್ಕೆ ಸಡಿಲ. ಹೊಸದು ತಗೊಳ್ಳೋಣ ಅಂದ್ರೆ ಯಾವ ಅಳತೇದು ತಗೊಳ್ಳಲಿ? ನಾನೀಗ ಯಾವ ಅಳತೇಲೂ ಇಲ್ಲ ದೊಡ್ಡಮ್ಮ. ದಾರೀಲಿದ್ದೀನಿ.”

ಹೇಳಿದವಳು ನಮ್ಮ ಕಟ್ಟಡದ ಎರಡನೆಯ ಮಹಡಿಯ ಕನ್ನಡಕದಕ್ಕ. ಹೇಳುವಾಗಲೂ ಅವಳ ಬಲಗೈ ಜೇಬಿನೊಳಗೇ ಇತ್ತು. ಕನ್ನಡಕದ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದವಳಿಗೆ ಬೀದಿಯವರು ಇಟ್ಟ ಹೆಸರು ಅದು, ಸ್ವಂತ ಹೆಸರನ್ನು ಅವಳೇ ಮರೆತಿರಬಹುದು. ಕೆಳಮನೆಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡು ಹಳೆಬಟ್ಟೆ ಸರಿಮಾಡಿಕೊಡುವ ನಾನು ಎಂಟು ತಿಂಗಳಲ್ಲಿ ಅವಳ ಸೊಂಟದ ಸುತ್ತ ಅಳತೆಪಟ್ಟಿ ಎಷ್ಟು ಸಲ ಹಿಡಿದೆನೋ ಲೆಕ್ಕವಿಲ್ಲ. ಒಂದೇ ಪ್ಯಾಂಟನ್ನು ಹಿಂದಿನಿಂದ ಮೂರು ಸಲ ಹಿಡಿದು ಹೊಲಿದ ಮೇಲೆ ಎರಡು ಹಿಂಜೇಬುಗಳೂ ಒಂದಕ್ಕೊಂದು ಮುಖ ತಾಗಿಸಿ ಪಿಸುಗುಟ್ಟುವಷ್ಟು ಹತ್ತಿರ ಬಂದವು. ಅಲ್ಲಿಗೆ ನಾನು ಸೂಜಿ ಕೆಳಗಿಟ್ಟೆ.

ಇಳಿಯಲೇಬೇಕಾದ ತೂಕ ಅದು. ನೂರನಾಲ್ಕು ಕಿಲೋದಿಂದ ಎಪ್ಪತ್ತೆಂಟಕ್ಕೆ. ಅವಳ ಜೊತೆಯಲ್ಲೇ ಇರುವ ತಂಗಿಯ ಎರಡೂ ಮೂತ್ರಪಿಂಡಗಳು ಸೋತಿದ್ದವು; ವಾರಕ್ಕೆ ಮೂರು ಸಲ ಆಸ್ಪತ್ರೆಯ ಯಂತ್ರಕ್ಕೆ ತೋಳು ಒಪ್ಪಿಸಿ ಮಲಗುವ ಆ ಹೆಣ್ಣಿಗೆ ಹೊಂದುವ ರಕ್ತ ಇದ್ದದ್ದು ಅಕ್ಕನಲ್ಲಿ ಮಾತ್ರ. “ನಿಮ್ಮದೊಂದು ಕಿಡ್ನಿ ತೆಗೀಬಹುದು, ಆದ್ರೆ ಈ ಮೈಯಿಂದ ಅಲ್ಲ” ಎಂದು ವೈದ್ಯರು ಎಪ್ಪತ್ತೆಂಟರ ಗೆರೆ ಎಳೆದರು. ಅಂದಿನಿಂದ ಅಕ್ಕನಿಗೆ ತಟ್ಟೆ ಕಂಡರೆ ಹೆದರಿಕೆ, ತಕ್ಕಡಿ ಕಂಡರೆ ಹೆದರಿಕೆ, ಕ್ಯಾಲೆಂಡರು ಕಂಡರಂತೂ ಇನ್ನೂ ಹೆಚ್ಚು. ತಂಗಿಯ ತೋಳಿನ ನರ ಒಂದು ಕಡೆ ಆಗಲೇ ಕೆಟ್ಟು, ಇನ್ನೊಂದು ತೋಳಿಗೆ ಸೂಜಿ ಬದಲಾಗಿತ್ತು.

ಅವಳ ಅಂಗಡಿಯಲ್ಲಿ ಎತ್ತ ತಿರುಗಿದರೂ ಕನ್ನಡಿ. ಬೇರೆಯವರಾದರೆ ಇಳಿಯುತ್ತಿರುವ ಮೈಯನ್ನು ನೋಡಿ ಹಿಗ್ಗುತ್ತಿದ್ದರೇನೋ. ಇವಳು ಬೆಳಗಿನಿಂದ ಸಂಜೆಯವರೆಗೆ ಹತ್ತು ಕನ್ನಡಿಗಳಲ್ಲಿ ಹತ್ತು ಸಲ ಸೊಂಟಪಟ್ಟಿ ಜಾರಿತೇ ಎಂದು ನೋಡಿಕೊಳ್ಳುತ್ತಿದ್ದಳು. ಬಿಳಿ ಅಂಗಿ, ಗಾಢಬಣ್ಣದ ಪ್ಯಾಂಟು, ಕಪ್ಪು ಕೋಟು ಇರಲೇಬೇಕೆಂಬುದು ಯಜಮಾನರ ಕಟ್ಟಪ್ಪಣೆ. ಗಿರಾಕಿಯ ಕಿವಿಯ ಹಿಂದೆ ಕನ್ನಡಕದ ಕಡ್ಡಿ ಬಗ್ಗಿಸಿ ಕೂರಿಸಲು ಎರಡು ಕೈಯೂ ಬೇಕಲ್ಲ, ಆಗ ಅವಳು ಮೇಜಿನ ಅಂಚಿಗೆ ಸೊಂಟ ಒತ್ತಿ, ಮರಕ್ಕೂ ಮೈಗೂ ನಡುವೆ ಪ್ಯಾಂಟನ್ನು ಸಿಕ್ಕಿಸಿಕೊಂಡು ನಿಲ್ಲುತ್ತಿದ್ದಳು. ಎಷ್ಟು ಶ್ರದ್ಧೆಯಿಂದ ಮುಂದೆ ಬಾಗುತ್ತಾಳೆ ನೋಡಿ ಎಂದು ಗಿರಾಕಿಗಳು ಮೆಚ್ಚುತ್ತಿದ್ದರಂತೆ. “ಏನಮ್ಮಾ, ಹೀಗಾಗ್ಬಿಟ್ಟೆ, ಏನಾದ್ರೂ ಕಾಯಿಲೇನಾ?” ಎಂದು ಕೇಳಿದವರಿಗೆ ಅವಳದು ಒಂದೇ ಉತ್ತರ: “ಹೂಂ, ಕಾಯಿಲೆನೇ. ನಂದಲ್ಲ ಅಷ್ಟೆ.”

ಇಡೀ ಎಂಟು ತಿಂಗಳು ಒಂದು ಬಟ್ಟೆಯನ್ನೂ ಅವಳು ಕೊಳ್ಳಲಿಲ್ಲ. ಸಂಬಳ ಆಸ್ಪತ್ರೆಯ ದಾರಿ ಹಿಡಿದಿತ್ತು. ಅಲ್ಲದೆ ಒಂದು ತಿಂಗಳ ಮೈಗೆ ದುಡ್ಡು ಸುರಿಯುವುದು ಅವಳ ಸ್ವಭಾವಕ್ಕೇ ಒಗ್ಗದು. ಹತ್ತೊಂಬತ್ತು ವರ್ಷ ಎರಡು ಕಣ್ಣುಗಳ ನಡುವಿನ ಅಂತರ ಅಳೆದ ಕಣ್ಣು ಈಗ ಜನರ ಸೊಂಟ ಅಳೆಯತೊಡಗಿತು. ನನ್ನ ಕಿಟಕಿಯ ಬಳಿ ನಿಂತು ಬೀದಿಯವರನ್ನು ತೂಗುವಳು: “ಆ ಔಷಧಿ ಅಂಗಡಿಯಮ್ಮ ತೊಂಬತ್ತಾರು, ನಾನು ಮುಂದಿನ ತಿಂಗಳು ಅವರ ಹತ್ರ ಹೋಗ್ಬೇಕು. ಅಂಚೆಯಕ್ಕ ಎಂಬತ್ತಾರು, ಅವರದು ಮಳೆಗಾಲ ಕಳೆದ ಮೇಲೆ.” ಹೋಗಿ ನಾಚಿಕೆಯಿಲ್ಲದೆ ಕೇಳುವಳು, ಉಟ್ಟು ಬಿಟ್ಟದ್ದೊಂದು ಕೊಡಿ ಎಂದು. ತನಗೆ ದೊಡ್ಡದಾದ ದಿನ ಒಗೆದು, ಇಸ್ತ್ರಿ ಮಾಡಿ, ಹರಿದಿದ್ದರೆ ನನ್ನಿಂದ ಹೊಲಿಸಿ ಹಿಂದಿರುಗಿಸುವಳು. ಅಂಚೆಯಕ್ಕ ಪ್ಯಾಂಟು ಕೊಡುತ್ತಾ ಗದರಿದ್ದು ನನಗೆ ನೆನಪಿದೆ: “ಕೊಡ್ತೀನಮ್ಮ, ಆದ್ರೆ ನನ್ನ ತೂಕ ಇಡೀ ಬೀದಿಗೆ ಕೇಳೋ ಹಾಗೆ ಕೂಗ್ಬೇಡ!”

ಕೇಳದಿದ್ದದ್ದು ಒಬ್ಬಳನ್ನು ಮಾತ್ರ, ತಂಗಿಯನ್ನು. ಅವಳ ಬಟ್ಟೆಗಳು ಮನೆಯಲ್ಲೇ, ಅದೇ ಕಪಾಟಿನಲ್ಲಿ ಇದ್ದವು. ಮೈ ಬಾತುಕೊಂಡಾಗ ಹಾಕಲೆಂದು ಎಲಾಸ್ಟಿಕ್ ಪಟ್ಟಿಯ ಕಂದುಬಣ್ಣದ ಪ್ಯಾಂಟೊಂದನ್ನು ನಾನೇ ಹೊಲಿದುಕೊಟ್ಟಿದ್ದೆ. “ಅದನ್ನೇ ಹಾಕ್ಕೊಳ್ಳೇ” ಎಂದು ನಾನು ಒಂದು ದಿನ ಅಂದದ್ದಕ್ಕೆ ಅಕ್ಕನ ಮುಖ ಕಪ್ಪಿಟ್ಟಿತು. “ಸತ್ತೋರ ಬಟ್ಟೆ ಹಂಚ್ಕೊಳ್ಳೋ ಹಾಗೆ ಬದುಕಿರೋರ ಕಪಾಟಿಗೆ ಕೈ ಹಾಕ್ಬಾರ್ದು ದೊಡ್ಡಮ್ಮ” ಎಂದಳು.

ಕೊನೆಯ ತೂಕದ ದಿನ ಏನಾಯಿತೆಂಬುದನ್ನು ಆ ಸಂಜೆ ಇಬ್ಬರೂ ನನ್ನ ಮನೆಯಲ್ಲಿ ಕೂತು ಹೇಳಿದರು. ಒಬ್ಬಳು ನುಂಗಿದ್ದನ್ನು ಇನ್ನೊಬ್ಬಳು ಕಕ್ಕಿಸಿದಳು.

ವೈದ್ಯರ ಸಭೆ ಮರುದಿನ. ಎಪ್ಪತ್ತೆಂಟರ ಒಳಗಿನ ತೂಕ ಕಾಗದದ ಮೇಲೆ ಬಿದ್ದರೆ ಶಸ್ತ್ರಚಿಕಿತ್ಸೆಯ ಮಾತು, ಇಲ್ಲದಿದ್ದರೆ ಮುಂದಿನ ತಿಂಗಳ ಸಭೆ. ಆಸ್ಪತ್ರೆಯ ತಕ್ಕಡಿ ಇದ್ದದ್ದು ಮೊಗಸಾಲೆಯಲ್ಲಿ, ಬೆಂಚಿನ ಮೇಲೆ ಕಾಯುವ ಹತ್ತಿಪ್ಪತ್ತು ಜನರ ಎದುರು. ಅಂಚೆಯಕ್ಕನ ಪ್ಯಾಂಟು ಆಗಲೇ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ನರ್ಸಮ್ಮ ತಲೆಯೆತ್ತದೆ, “ಕೋಟು ತೆಗೆದು ಹತ್ತಿ” ಎಂದರು. ಕೋಟು ತೆಗೆಯಬೇಕಾದರೆ ಕೈ ಜೇಬಿನಿಂದ ಹೊರಗೆ ಬರಬೇಕು.

“ಚಳಿ ಸಿಸ್ಟರ್” ಎಂದಳಂತೆ ಅಕ್ಕ.

“ಒಂದು ನಿಮಿಷದ ಚಳಿ. ತೆಗೀರಿ.”

“ಬೇಡಿ, ಹೀಗೇ ನೋಡ್ಬಿಡಿ.”

“ನಿಮ್ಮಿಷ್ಟ. ಬಂದದ್ದನ್ನೇ ಬರೀತೀನಿ ಮತ್ತೆ.”

ಹತ್ತಿದಳು. ದಪ್ಪ ಉಣ್ಣೆಯ ಕೋಟು, ಅದರ ಎಡಜೇಬಿನಲ್ಲಿ ಸ್ಕ್ರೂಡ್ರೈವರು, ತಿರುಪುಗಳ ಡಬ್ಬಿ, ಎರಡು ಬಿಡಿ ಚೌಕಟ್ಟು, ಚಿಕ್ಕ ಇಕ್ಕಳ. ಎಪ್ಪತ್ತೊಂಬತ್ತೂವರೆ. ನರ್ಸಮ್ಮ ಬರೆದರು. ಎಂಟು ತಿಂಗಳು ಅರ್ಧಹೊಟ್ಟೆ ಉಂಡವಳು ಆ ಅಂಕಿಯನ್ನು ನೋಡುತ್ತಾ ನಿಂತಳೇ ಹೊರತು ಕೈಯನ್ನು ಹೊರಗೆ ತೆಗೆಯಲಾರದೆ ಹೋದಳು. ಬೆಂಚಿನ ಮೇಲಿನ ಒಬ್ಬ ಮುದುಕರು ಸುಮ್ಮನೆ ಅವಳ ಕಡೆ ನೋಡುತ್ತಿದ್ದರಂತೆ, ಅಷ್ಟೇ ಸಾಕಾಯಿತು.

ಕೆಳಗಿನ ಅಂತಸ್ತಿನಲ್ಲಿ ತಂಗಿ ಆಸ್ಪತ್ರೆಯ ನಿಲುವಂಗಿ ತೊಟ್ಟು, ಯಂತ್ರಕ್ಕೆ ತೋಳು ಕೊಟ್ಟು, ಕಾಲಿಗೆ ಕಂಬಳಿ ಹೊದ್ದು ಮಲಗಿದ್ದಳು. ಅಕ್ಕನ ಮುಖ ನೋಡಿಯೇ, “ಎಷ್ಟು?” ಎಂದಳು. ಅಕ್ಕ ಹೇಳಿದಳು. ಕೋಟಿನ ವಿಷಯವನ್ನೂ ಹೇಳಿದಳು, ಸೊಂಟಪಟ್ಟಿಯ ವಿಷಯವನ್ನೂ.

ತಂಗಿಗೆ ನಗು ಉಕ್ಕಿತು. ಅವಳು ಕುಲುಕಿದ್ದಕ್ಕೆ ಯಂತ್ರ ಕೀಂ ಕೀಂ ಅಂದು, ಅದನ್ನು ನೋಡಿಕೊಳ್ಳುವವನು ಓಡಿಬಂದು ಬೈದು ಹೋದ ಮೇಲೂ ನಗು ನಿಲ್ಲಲಿಲ್ಲ. “ಕಿಡ್ನಿ ಕೊಡೋಕೆ ಹೆದರಲಿಲ್ಲ, ಹೊಟ್ಟೆ ಕೊಯ್ತಾರೆ ಅಂದ್ರೆ ಹೆದರಲಿಲ್ಲ, ಆ ಬೆಂಚಿನೋರಿಗೆ ಹೆದರಿದ್ಯಲ್ಲೇ ಅಕ್ಕಾ!” ಆಮೇಲೆ ನಗು ಎಲ್ಲೋ ಅಳುವಿಗೆ ತಿರುಗಿತು. ಸೂಜಿ ಚುಚ್ಚದ ಕೈಯೆತ್ತಿ ಗೋಡೆಯ ಮೊಳೆ ತೋರಿಸಿದಳು. ಅವಳು ತೊಟ್ಟು ಬಂದಿದ್ದ ಕಂದು ಪ್ಯಾಂಟು ಅಲ್ಲಿ ನೇತಾಡುತ್ತಿತ್ತು.

“ಹಾಕ್ಕೊ.”

“ಬೇಡ ಕಣೇ. ನಿಂದು ಬೇಡ.”

“ನಾನು ಸತ್ತಮೇಲೆ ಹಾಕ್ಕೋಬೇಕು ಅಂತಿದ್ಯಾ? ಆಗ ಯಾವ ತೂಕ ಯಾರಿಗೆ ಬೇಕು? ಈಗ ಹಾಕ್ಕೊಂಡು ಮೇಲಕ್ಕೆ ಓಡು, ಅವರು ಕಾಗದ ಕಟ್ಟಿಡೋದ್ರೊಳಗೆ.”

ಪರದೆಯ ಹಿಂದೆ ಅಕ್ಕ ಪ್ಯಾಂಟು ಬದಲಿಸಿದಳು. ಎಲಾಸ್ಟಿಕ್ ಮೈಗೆ ಹಿಡಿದು ಕೂತಿತು. ಕೋಟನ್ನು ತಂಗಿಯ ಬಳಿಯೇ ಬಿಟ್ಟು ಮೆಟ್ಟಿಲು ಹತ್ತುವಾಗ ಅವಳ ಎರಡು ಕೈಯೂ ಬೀಸಾಡುತ್ತಿದ್ದವು, ಅದು ಅವಳಿಗೇ ವಿಚಿತ್ರವೆನಿಸಿತಂತೆ. ನರ್ಸಮ್ಮ ಗೊಣಗಿದರು, “ಈಗ ಚಳಿ ಹೋಯ್ತಾ?” ಎಂದರು, ಆದರೂ ನೋಡಿದರು. ಎಪ್ಪತ್ತೇಳು ಮುಕ್ಕಾಲು. ಮೊದಲಿನ ಅಂಕಿಯ ಮೇಲೆ ಅಡ್ಡಗೆರೆ ಎಳೆದು ಹೊಸದನ್ನು ಬರೆದು ಸಹಿ ಹಾಕಿದರು. ಸಂಜೆ ತಂಗಿ ಮನೆಗೆ ಬಂದದ್ದು ಅಂಚೆಯಕ್ಕನ ಪ್ಯಾಂಟಿನಲ್ಲಿ, ಸೊಂಟಕ್ಕೆ ಗಾಯದ ಪಟ್ಟಿಯ ಸುರುಳಿಯೊಂದನ್ನು ಬಿಗಿದುಕೊಂಡು.

ಇಂಥ ಬಹಳ ಜನರನ್ನು ನಾನು ಈ ವಯಸ್ಸಿನವರೆಗೆ ಕಂಡಿದ್ದೇನೆ. ತಮ್ಮ ದೇಹದ ಒಂದು ಭಾಗವನ್ನೇ ಕೊಯ್ದು ಕೊಡಲು ಅಳುಕದ ಜೀವಗಳು ನಾಲ್ಕು ಜನರ ನೋಟದ ಮುಂದೆ ಕುಗ್ಗಿಹೋಗುತ್ತವೆ; ಬೇರೆಯವರಿಗಾಗಿ ಬೇಡುವಾಗ ಇಲ್ಲದ ಸಂಕೋಚ, ತಮ್ಮ ಪಾಡು ಬಯಲಾಗುವಾಗ ಎಲ್ಲಿಂದಲೋ ಬಂದು ಕಾಲು ಕಟ್ಟುತ್ತದೆ. ಧೈರ್ಯವಂತರೆಂದರೆ ಹೆದರಿಕೆಯೇ ಇಲ್ಲದವರೆಂದು ತಿಳಿದವರು ಅವರ ಬಟ್ಟೆ ಹೊಲಿದವರಲ್ಲ. ದೊಡ್ಡ ತ್ಯಾಗಕ್ಕೆ ಹೊರಟವರ ಕಾಲಿಗೆ ಅಡ್ಡ ಬರುವುದು ಹೆಚ್ಚಾಗಿ ಇಂಥ ಸಣ್ಣ ನಾಚಿಕೆಗಳೇ, ಮತ್ತು ಅವುಗಳಿಂದ ಅವರನ್ನು ಬಿಡಿಸಲು, ಜೊತೆಗೆ ಬೆಳೆದು ಅವರನ್ನು ಕಂಡು ನಗಬಲ್ಲವರು ಒಬ್ಬರಾದರೂ ಬದುಕಿರಬೇಕು.

ಮರುದಿನ ಬೆಳಿಗ್ಗೆ ಅಂಗಡಿಗೆ ರಜೆ ಹಾಕಿ ಅಕ್ಕ ಹಿತ್ತಿಲಿಗೆ ಇಳಿದಳು. ಸಭೆ ಹತ್ತು ಗಂಟೆಗೆ. ಫೋನನ್ನು ನನ್ನ ಕಿಟಕಿಯ ಕಟ್ಟೆಯ ಮೇಲೆ, ಒದ್ದೆಯಾಗದ ಹಾಗೆ, ಕಣ್ಣಿಗೆ ಬೀಳುವ ಹಾಗೆ ಇಟ್ಟಳು. ಬಕೆಟಿನಲ್ಲಿ ಸೋಪಿನ ನೀರು ಕದಡಿ ಕಂದು ಪ್ಯಾಂಟನ್ನು ಮುಳುಗಿಸಿದಳು, ತಿಕ್ಕಿದಳು, ಫೋನು ನೋಡಿದಳು, ಮೂರು ನೀರಿನಲ್ಲಿ ಜಾಲಿಸಿದಳು. ಹಿಂಡಿ ಕೊಡವಿ, ಒಳಮೈ ಹೊರಗೆ ಬರುವಂತೆ ತಿರುಗಿಸಿ ತಂತಿಯ ಮೇಲೆ ಹಾಕಿದಳು.

“ಒಳಮಗ್ಗುಲು ಮೇಲೆ ಮಾಡಿ ಯಾಕೆ?” ಎಂದೆ.

“ಬಿಸಿಲಿಗೆ ಬಣ್ಣ ಹೋಗುತ್ತೆ ದೊಡ್ಡಮ್ಮ. ಅವಳು ಇನ್ನೂ ಬೇಕಾದಷ್ಟು ದಿನ ಹಾಕ್ಕೋಬೇಕು” ಎಂದು, ಕಾಲಿನ ಸುಕ್ಕುಗಳನ್ನು ಎರಡೂ ಕೈಯಿಂದ ಎಳೆದೆಳೆದು ನೇರ ಮಾಡತೊಡಗಿದಳು.