ಬಳೆ ತೊಡಿಸುವಾಗ ಆಡದ ಮಾತು

ಮೊಳಕಾಲ್ಮೂರಿನ ಸುತ್ತಲ ಹಳ್ಳಿಗಳಲ್ಲಿ ಮದರ್ ಬೀಯನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಬಳೆ ಬೂಬಮ್ಮ ಎಂದರೇ ಎಲ್ಲರಿಗೂ ಗೊತ್ತು. ಬಸುರಿಗೆ ಹಸಿರು ಬಳೆ ತೊಡಿಸಬೇಕೆಂದರೆ ಅವಳೇ ಬರಬೇಕು. ಅವಳು ಹೆಗಲಿಗೆ ಹಾಕಿಕೊಂಡು ಬರುವ ಬಳೆಯ ಮಲಾರದಲ್ಲಿರುವುದಕ್ಕಿಂತ ಚೆಂದದ ಬಳೆಗಳು ಪೇಟೆಯ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತವೆ, ಆದರೆ ಅವಳ ಬಾಯಿ ಒಳ್ಳೆಯದು ಎಂಬ ಹೆಸರಿತ್ತು. ಬಳೆ ಏರಿಸುತ್ತ ಅವಳು ಹರಸಿದ್ದು ಸುಳ್ಳಾಗುವುದಿಲ್ಲವೆಂದು ಹೆಂಗಸರು ನಂಬಿದ್ದರು. ಆ ಹೊತ್ತಿನಲ್ಲಿ ಯಾರೂ ಅಪಶಕುನದ ಮಾತು ಎತ್ತುವಂತಿಲ್ಲ. ಬಳೆ ಒಡೆದರೂ ಒಡೆಯಿತು ಅನ್ನದೆ ಹೆಚ್ಚಿತು ಅನ್ನಬೇಕು. ನೋವು, ರೋಗ, ಆಸ್ಪತ್ರೆ ಎಲ್ಲ ಹೊಸಿಲಿನಾಚೆ ಕಾದಿರಬೇಕು. ಈ ಕಟ್ಟಳೆ ಮಾಡಿದ ಪುಣ್ಯಾತ್ಮರ ಮನೆಯಲ್ಲಿ ಯಾರೂ ಬಸಿರಾಗಿಯೇ ಇರಲಿಲ್ಲವೋ ಏನೋ.

ತಿಪ್ಪಯ್ಯ ಮತ್ತು ಹೊನ್ನಕ್ಕ ದಂಪತಿಯ ಮಗಳು ಸೌಂದರ್ಯಳ ಕೈ ಮದರ್ ಬೀಗೆ ಚಿಕ್ಕಂದಿನಿಂದ ಗೊತ್ತು. ಮೂಳೆ ಸಣ್ಣದು, ಅಂಗೈ ಮೆತ್ತಗೆ. ಬಳೆ ತಾನಾಗಿಯೇ ಜಾರಿಕೊಂಡು ಹೋಗುತ್ತಿತ್ತು. ಮದುವೆಯ ಬಳೆಯನ್ನೂ ಇವಳೇ ತೊಡಿಸಿ, ಚಳ್ಳಕೆರೆ ಕಡೆಯ ನನ್ನಿವಾಳಕ್ಕೆ ಹುಡುಗಿಯನ್ನು ಕಳಿಸಿಕೊಟ್ಟಿದ್ದಳು. ಈಗ ಚೊಚ್ಚಲ ಹೆರಿಗೆಗೆಂದು ಸೌಂದರ್ಯ ತವರಿಗೆ ಬಂದಿದ್ದಳು.

ಬಳೆ ಶಾಸ್ತ್ರದ ದಿನ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಗಂಡೋ ಹೆಣ್ಣೋ ಎಂದು ವಾದಕ್ಕಿಳಿದಿದ್ದರು. ಮದರ್ ಬೀ ಹುಡುಗಿಯ ಮುಂದೆ ಕೂತು, ಅಭ್ಯಾಸದ ಅಳತೆಯ ಬಳೆಯನ್ನು ಆರಿಸಿ ಕೈ ಹಿಡಿದಳು. ಬಳೆ ಬೆರಳ ಗೆಣ್ಣಿನಲ್ಲೇ ನಿಂತುಬಿಟ್ಟಿತು. ಒಂದಳತೆ ದೊಡ್ಡದು ತೆಗೆದಳು, ಅದೂ ಏರಲಿಲ್ಲ. ಮಣಿಕಟ್ಟನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟಾಗ ಅಲ್ಲೊಂದು ಗುಳಿ ಬಿತ್ತು. ನಾದಿದ ಹಿಟ್ಟಿಗೆ ಬೆರಳಿಟ್ಟ ಹಾಗೆ, ಆ ಗುಳಿ ಬೇಗ ತುಂಬಿಕೊಳ್ಳಲಿಲ್ಲ.

ಹೋದ ವರ್ಷ ಮದರ್ ಬೀಯ ಸೊಸೆ ಮೆಹನಾಜ್‌ಗೂ ಮೈ ಹೀಗೇ ಊದಿತ್ತು. ಆಸ್ಪತ್ರೆಯ ಸಿಸ್ಟರ್ ಹೀಗೇ ಒತ್ತಿ ನೋಡಿ, ಬಿ.ಪಿ. ಏರಿದೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಗದರಿ, ಆಗಲೇ ವಾರ್ಡಿಗೆ ಸೇರಿಸಿಕೊಂಡಿದ್ದಳು. ತಲೆನೋವಿದೆಯೇ, ಕಣ್ಣು ಮಂಜಾಗುತ್ತದೆಯೇ ಎಂದು ಮತ್ತೆ ಮತ್ತೆ ಕೇಳಿದ್ದಳು. ಮೆಹನಾಜ್ ಮಗುವನ್ನೆತ್ತಿಕೊಂಡು ಮನೆಗೆ ಬಂದದ್ದು ಆ ಗದರಿಕೆಯಿಂದಲೇ.

"ತಲೆ ಸಿಡೀತೈತೆ ಬೂಬಮ್ಮ. ಕಣ್ಣೂ ಮಂಜಾಗ್ತೈತೆ," ಎಂದಳು ಸೌಂದರ್ಯ, ಅವಳಿಗಷ್ಟೇ ಕೇಳುವ ಹಾಗೆ.

ಮದರ್ ಬೀ ತಲೆಯೆತ್ತಿದಳು. ಎದುರಿಗೆ ಹೊನ್ನಕ್ಕ ಮುಖ ಅರಳಿಸಿಕೊಂಡು, ಬೂಬಮ್ಮನ ಬಾಯಿಂದ ಏನು ಹರಕೆ ಬೀಳುತ್ತದೋ ಎಂದು ಕಾಯುತ್ತಿದ್ದಳು. ಸುತ್ತಲಿನ ಹೆಂಗಸರೂ ವಾದ ಬಿಟ್ಟು ಇತ್ತ ತಿರುಗಿದರು. ಇಂಥ ಹೊತ್ತಿನಲ್ಲಿ ಆಸ್ಪತ್ರೆಯ ಮಾತೆತ್ತಿ, ನಾಳೆ ಏನಾದರೂ ಆದರೆ ಬಳೆಯವಳ ನಾಲಿಗೆಯಿಂದಲೇ ಆಯಿತು ಅನ್ನದೆ ಬಿಡುತ್ತಾರೆಯೇ?

"ತವರಿನ ಅನ್ನ ಮೈಗೆ ಹತ್ತೈತೆ ಕಣವ್ವ. ಕೈ ತುಂಬೈತೆ, ಮಡಿಲೂ ತುಂಬಲಿ," ಎಂದಳು.

ಹೆಂಗಸರು ನಕ್ಕರು. ಹೊನ್ನಕ್ಕನಿಗೆ ಮಗಳನ್ನು ತಾನೇ ತಿನ್ನಿಸಿ ದಪ್ಪ ಮಾಡಿದ ಹೆಮ್ಮೆ. ಮದರ್ ಬೀ ತಳದಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಬಳೆಗಳನ್ನು ತೆಗೆದು, ಎಣ್ಣೆ ಸವರಿ, ಹೇಗೋ ಏರಿಸಿದಳು.

ಆ ಹೆಂಗಸರ ನಡುವೆ ಊರಿನ ಆಶಾ ಕಾರ್ಯಕರ್ತೆ ಗಂಗಲಕ್ಷ್ಮಿಯೂ ಹೋಳಿಗೆ ಊಟಕ್ಕೆ ಬಂದು ಕೂತಿದ್ದಳು. ಇವಳಿದ್ದಾಳಲ್ಲ, ನೋಡಿಕೊಳ್ಳುತ್ತಾಳೆ ಎಂದು ಮದರ್ ಬೀ ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಗಂಗಲಕ್ಷ್ಮಿಯ ಲೆಕ್ಕದಲ್ಲಿ ಸೌಂದರ್ಯ ನನ್ನಿವಾಳದ ಬಸುರಿ, ಅಲ್ಲಿಯವರು ನೋಡಿಯೇ ಕಳಿಸಿರುತ್ತಾರೆ. ನನ್ನಿವಾಳದ ಆಶಾ ಕಾರ್ಯಕರ್ತೆಯ ಲೆಕ್ಕದಲ್ಲಿ ಹುಡುಗಿ ತವರಿಗೆ ಹೋದಳು, ಇನ್ನು ಅಲ್ಲಿಯವರು ನೋಡಿಕೊಳ್ಳುತ್ತಾರೆ. ಹೀಗೆ ಎರಡು ಊರಿಗೂ ಸೇರಿದ ಹುಡುಗಿ, ಯಾವ ಊರಿಗೂ ಸೇರದೆ ನಡುವೆ ಉಳಿದಳು. ತವರಿಗೆ ಬಂದ ಮೇಲೆ ಅವಳ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದವರೇ ಇರಲಿಲ್ಲ.

ಹೊರಡುವಾಗ ಬಾಗಿಲಲ್ಲಿ ಹೊನ್ನಕ್ಕ ಅಕ್ಕಿ, ಕೊಬ್ಬರಿ, ರವಿಕೆ ಕಣ ಕೊಟ್ಟಳು. ಆಗಲಾದರೂ ಹೇಳಬಹುದಿತ್ತು. ಮಾತು ತುಟಿಯವರೆಗೂ ಬಂದಿತ್ತು. ಅಷ್ಟರಲ್ಲಿ ಯಾರೋ ಒಳಗಿನಿಂದ ಹೊನ್ನಕ್ಕನನ್ನು ಕರೆದರು. ಮದರ್ ಬೀ ಮಲಾರ ಹೆಗಲಿಗೇರಿಸಿ ಬಸ್ಸಿಗೆ ನಡೆದಳು. ಇನ್ನೊಮ್ಮೆ ಈ ಕಡೆ ಬಂದಾಗ ಹೇಳಿದರಾಯಿತು ಅಂದುಕೊಂಡಳು.

ಆ ಇನ್ನೊಮ್ಮೆ ಬರಲಿಲ್ಲ. ವಾರ ಕಳೆಯುವ ಮೊದಲೇ ಒಂದು ಬೆಳಿಗ್ಗೆ ಸೌಂದರ್ಯ ಒಲೆಯ ಮುಂದೆ ಕುಸಿದು ಬಿದ್ದಳು. ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂತು. ಜೀಪು ಹುಡುಕಿ ಆಸ್ಪತ್ರೆಗೆ ಒಯ್ಯುವುದರೊಳಗೆ ಮತ್ತೆ ಮತ್ತೆ ಫಿಟ್ಸ್ ಬಂದಿತ್ತು. ಅಲ್ಲಿಂದ ಇನ್ನೂ ದೊಡ್ಡ ಆಸ್ಪತ್ರೆಗೆ ಓಡಿದರು. ಮಗು ಮಾತ್ರ ಉಳಿಯಿತು, ಹೆಣ್ಣು ಮಗು. ಸೌಂದರ್ಯ ಅದರ ಮುಖ ನೋಡಲಿಲ್ಲ.

ಸುದ್ದಿ ಹೊತ್ತು ತಿಪ್ಪಯ್ಯನೇ ಮದರ್ ಬೀಯ ಮನೆಗೆ ಬಂದ. ಅಳುವುದಕ್ಕೂ ಅವನಲ್ಲಿ ತ್ರಾಣವಿರಲಿಲ್ಲ. ಅಳಿಯ ಚಿರಂಜೀವಿ ಮಗಳ ದೇಹವನ್ನು ನನ್ನಿವಾಳಕ್ಕೆ ಒಯ್ಯುವುದರೊಳಗೆ ತವರಿನ ಸೀರೆ ಉಡಿಸಿ, ತವರಿನ ಬಳೆ ತೊಡಿಸಬೇಕು, ಮುತ್ತೈದೆಯಾಗಿ ಹೋದವಳು ಬರಿಗೈಯಲ್ಲಿ ಹೋಗಬಾರದು ಎಂದ. ಸೂಜಿ ಹಾಕಲು ಆಸ್ಪತ್ರೆಯಲ್ಲಿ ಹಸಿರು ಬಳೆಗಳನ್ನೆಲ್ಲ ತೆಗೆದಿದ್ದರಂತೆ. ಮದರ್ ಬೀ ಆಗುವುದಿಲ್ಲವೆನ್ನಲು ಬಾಯಿ ತೆರೆದಳು. ಆಮೇಲೆ ಮಲಾರ ಎತ್ತಿಕೊಂಡಳು.

ಅದೇ ಪಡಸಾಲೆ, ಅದೇ ಹೆಂಗಸರು. ಗಂಗಲಕ್ಷ್ಮಿ ಕಂಬಕ್ಕೊರಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಮದರ್ ಬೀ ಸೌಂದರ್ಯಳ ಪಕ್ಕ ಕೂತು ತಣ್ಣಗಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು. ಊತ ಇಳಿದಿರಲಿಲ್ಲ. ಹೆಬ್ಬೆರಳು ತನ್ನಷ್ಟಕ್ಕೆ ಮಣಿಕಟ್ಟನ್ನು ಒತ್ತಿತು. ಬಿದ್ದ ಗುಳಿ ಹಾಗೇ ಉಳಿಯಿತು.

ಇನ್ನು ತಡೆಯುವುದು ಅವಳಿಂದಾಗಲಿಲ್ಲ.

"ಹೊನ್ನಕ್ಕ, ಅವತ್ತೇ ಈ ಕೈ ಊದಿತ್ತು. ಒತ್ತಿದ್ರೆ ಹಿಂಗೇ ಗುಳಿ ಬೀಳ್ತಿತ್ತು. ತಲೆನೋವು ಅಂತಾನೂ ಅಂದ್ಲು. ನಂಗೆ ಗೊತ್ತಿತ್ತು, ಆದ್ರೂ ಹೇಳ್ಲಿಲ್ಲ."

ಹೊಡೆಯಲಿ, ಬಯ್ಯಲಿ, ಆಚೆಗೆ ನೂಕಲಿ ಎಂದು ಅವಳು ತಲೆ ತಗ್ಗಿಸಿ ಕಾದಳು. ಹೊನ್ನಕ್ಕ ಮಗಳ ಪಾದಗಳನ್ನು ನೋಡುತ್ತಲೇ ಇದ್ದಳು.

"ನಂಗೂ ಕಂಡಿತ್ತು ಬೂಬಮ್ಮ," ಎಂದಳು ಕೊನೆಗೆ. "ಕಾಲುಂಗುರ ಬೆರಳಾಗೆ ಹೂತೋಗಿತ್ತು. ಎಣ್ಣೆ ಹಚ್ಚಿ ನಾನೇ ಸಡ್ಲ ಮಾಡ್ದೆ. ಶಾಸ್ತ್ರ ಒಂದು ಮುಗೀಲಿ, ಆಮ್ಯಾಕೆ ತೋರ್ಸಾನ ಅಂದ್ಕಂಡೆ."

ಕಂಬದ ಬಳಿ ಗಂಗಲಕ್ಷ್ಮಿಯ ಬಿಕ್ಕು ಕೇಳಿಸಿತು. ಒಬ್ಬರ ಮುಖವನ್ನು ಒಬ್ಬರು ನೋಡಲಿಲ್ಲ. ಒಳಗಿನ ಕೋಣೆಯಲ್ಲಿ ಮಗು ಹಸಿದು ಅಳಲು ಶುರುಮಾಡಿತು.

"ತೊಡ್ಸು ಬೂಬಮ್ಮ," ಎಂದಳು ಹೊನ್ನಕ್ಕ. "ಯಾವಾಗ್ಲೂ ಒಂದು ಒಳ್ಳೇ ಮಾತು ಹೇಳ್ತಿದ್ದೆಯಲ್ಲ, ಅದನ್ನೂ ಹೇಳಿ ತೊಡ್ಸು."

ಮದರ್ ಬೀ ಎಲ್ಲಕ್ಕಿಂತ ದೊಡ್ಡ ಹಸಿರು ಬಳೆ ಆರಿಸಿ, ಸೆಟೆದ ಬೆರಳುಗಳನ್ನು ಒಂದೊಂದಾಗಿ ಕೂಡಿಸಿದಳು. ಬಾಯಿ ತುಂಬಾ ಹರಸಿ ಹೆಸರು ಮಾಡಿದವಳಿಗೆ ಆಗ ಒಂದು ಹರಕೆಯೂ ನೆನಪಾಗಲಿಲ್ಲ. ಬಗ್ಗಿ, ಸೌಂದರ್ಯಳ ಕಿವಿಯ ಬಳಿ ಬಾಯಿ ತಂದಳು.

"ಕೈ ಊದೈತೆ ಕಣವ್ವ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಎದ್ದೇಳು, ಈಗ್ಲೇ ಆಸ್ಪತ್ರೆಗೆ ಹೋಗಾನ."