ಅದು ಸಾಮಿಯ ಮಾತಲ್ಲ, ಪಾರ್ಶ್ವವಾಯು

ನಮ್ಮ ಬೀದಿಯಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಬಾಯಿ ತೊದಲಿದರೆ ಮೊದಲು ಕರ್ಪೂರ ಹುಡುಕುತ್ತಾರೆ. ಆಮೇಲೆ ಅರಿಶಿನದ ನೀರು. ಆಮೇಲೆ ಎಣ್ಣೆ ಉಜ್ಜುವವರ ವಿಳಾಸ. ಆಸ್ಪತ್ರೆ ನೆನಪಾಗುವಾಗ ಹೊತ್ತು ಮೀರಿರುತ್ತದೆ. ನಮ್ಮ ಮನೆಯಲ್ಲೂ ಅಂದು ಹಾಗೇ ಆಗುವುದಿತ್ತು. ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಹೇಳುತ್ತೇನೆ, ಕೇಳಿ.

ತಮಿಳುನಾಡಿನ ಕಂಬಂ ಪೇಟೆಯಿಂದ ದ್ರಾಕ್ಷಿ ತೋಟಗಳ ಕಡೆಗೆ ತಿರುಗುವ ರಸ್ತೆಯಲ್ಲಿ ನಮ್ಮ ಮನೆ. ಊರಿನ ಮಾತು ತಮಿಳು, ಮನೆಯ ಮಾತು ಕನ್ನಡ. ನೂರಾರು ವರ್ಷಗಳ ಹಿಂದೆ ನಮ್ಮ ಹಿರಿಯರು ದನಗಳನ್ನು ಹೊಡೆದುಕೊಂಡು ಈ ಕಣಿವೆಗೆ ಬಂದಾಗ ಜೊತೆಯಲ್ಲಿ ತಂದ ಮಾತು ಅದು. ಈಗ ಅದನ್ನು ಪೂರ್ತಿ ಆಡಬಲ್ಲವರು ಮುದುಕರು ಮಾತ್ರ. ನನ್ನ ಓರಗೆಯವರಿಗೆ ಅರ್ಧ ತಿಳಿಯುತ್ತದೆ, ಬಾಯಿ ತೆರೆದರೆ ತಮಿಳು ಬರುತ್ತದೆ.

ನನಗೆ ಮಾತ್ರ ಅದು ಚೆನ್ನಾಗಿ ಬರುತ್ತದೆ. ಅದು ನನ್ನ ಅಜ್ಜಿ ಮುತ್ತುಮಾರಿಯ ಪುಣ್ಯ. ಅಜ್ಜಿಯ ಕಥೆಗಳಲ್ಲಿ ಹಸುಗಳು ಚಂದ್ರನ ಹತ್ತಿರ ದಾರಿ ಕೇಳುತ್ತವೆ, ಹೊಳೆಗಳು ಮುನಿಸಿಕೊಂಡು ಬೇರೆ ಊರಿಗೆ ಹೋಗುತ್ತವೆ. ಕಾಲೇಜಿಗೆ ಹೋಗುವ ವಯಸ್ಸಾದರೂ ನನಗೆ ಆ ಕಥೆಗಳಿಲ್ಲದೆ ದಿನ ಕಳೆಯುವುದಿಲ್ಲ. “ಈ ತೇನ್‌ಮೊಳಿ ಕಾಲು ನೆಲದ ಮ್ಯಾಲಿಲ್ಲ” ಎಂದು ಅವ್ವ ದಿನಕ್ಕೊಮ್ಮೆ ಬೈಯುತ್ತಾಳೆ.

ಅಜ್ಜಿಯ ಬಗ್ಗೆ ಇನ್ನೊಂದು ವಿಷಯ ನೀವು ತಿಳಿಯಬೇಕು. ಮನೆದೇವರ ಪೂಜೆಯಲ್ಲಿ ಅವಳ ಮೇಲೆ ಸಾಮಿ ಬರುವುದುಂಟು. ಆಗ ಅವಳ ಬಾಯಲ್ಲಿ ಇನ್ನೂ ಹಳೆಯ ಕನ್ನಡ ಹೊರಡುತ್ತದೆ. ನನ್ನನ್ನು ಬಿಟ್ಟರೆ ಯಾರಿಗೂ ಸರಿಯಾಗಿ ತಿಳಿಯುವುದಿಲ್ಲ. ಎಷ್ಟು ತಿಳಿಯಲಿಲ್ಲವೋ ಅಷ್ಟು ಭಕ್ತಿಯಿಂದ ನಮ್ಮವರು ಕೈ ಮುಗಿಯುತ್ತಾರೆ.

ಆ ಶುಕ್ರವಾರ ಮನೆಯಲ್ಲಿ ಪೂಜೆ. ಅಜ್ಜಿ ವ್ರತ ಹಿಡಿದಿದ್ದಳು. ವ್ರತ ಶುರುವಾದಾಗಿನಿಂದ ರಕ್ತದೊತ್ತಡದ ಮಾತ್ರೆಯನ್ನೂ ಬಿಟ್ಟಿದ್ದಳು.

“ಮಾತ್ರೆ ನುಂಗಿದ್ರೆ ವ್ರತ ಕೆಡ್ತೈತೆ. ಸಾಮಿ ನೋಡ್ಕೊಂತಾನೆ ಬಿಡು” ಎಂದಿದ್ದಳು. ನಾವೂ ಸುಮ್ಮನಾದೆವು.

ಮಧ್ಯಾಹ್ನ ನಾನೂ ಅವಳೂ ಜಗುಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದೆವು. ಹೊಳೆ ದಾಟಲು ಹೆದರಿ ನಿಂತ ಕರಿಹಸುವಿಗೆ ಬೆಳ್ಳಿಮೀನು ದಾರಿ ತೋರಿಸುವ ಕಥೆ ಹೇಳುತ್ತಿದ್ದಳು. ಉತ್ತಮಪಾಳಯಂನಿಂದ ಬರುವ ಮೂರು ಗಂಟೆಯ ಟೌನ್ ಬಸ್ಸು ಹಾರ್ನ್ ಹೊಡೆದು ಹೋಯಿತು. “ಇವ್ನಿಗೆ ಹಾರ್ನು ಅಂದ್ರೆ ನಾದಸ್ವರ” ಎಂದು ಅಜ್ಜಿ ನಕ್ಕಳು. ಮತ್ತೆ ಕಥೆ ಹಿಡಿದಳು.

“ಆಗ ಮೀನು ಅಂತು... ತೊಟ್ಲು... ಬೆಂಕಿ ಬೆಂಕಿ ಕುಡ್ಕಂಡು... ಮೊರ...”

ನಾನು ತಲೆಯೆತ್ತಿ ನೋಡಿದೆ. ಹೂವಿನ ದಾರ ಅವಳ ಬಲಗೈಯಿಂದ ಜಾರಿ ಬಿದ್ದಿತ್ತು. ಬಾಯಿಯ ಬಲಭಾಗ ಕೆಳಗೆ ಜೋತಿತ್ತು. ಅವಳು ಮಾತಾಡುತ್ತಲೇ ಇದ್ದಳು. ಒಂದು ಮಾತಿಗೂ ಇನ್ನೊಂದಕ್ಕೂ ನಂಟಿರಲಿಲ್ಲ.

ನಾನು ಕೂಗಿದ್ದಕ್ಕೆ ಅಪ್ಪ ಓಡಿ ಬಂದ. ಅಪ್ಪನ ಹೆಸರು ರಂಗಸಾಮಿ. ಮನೆಯ ಪೂಜೆಗೆ ಅವನೇ ಹಿರಿಯ. ಅಜ್ಜಿಯ ಮಾತು ಕೇಳಿದವನೇ ಹೆಗಲ ಟವೆಲ್ ಸೊಂಟಕ್ಕೆ ಸುತ್ತಿಕೊಂಡು ಕೈ ಮುಗಿದ.

“ಸಾಮಿ ಬಂದೈತೆ. ಏ, ಕರ್ಪೂರ ತಾ. ಮಂಜಳ್ ನೀರು ತಾ.”

ಅವ್ವ ಅರಿಶಿನದ ನೀರಿನ ಚೊಂಬು ಹಿಡಿದು ಬಂದಳು.

“ಅಪ್ಪಾ, ಇದು ಸಾಮಿ ಮಾತಲ್ಲ” ಎಂದೆ.

“ನಿಂಗೇನ್ ಗೊತ್ತು ಪುಳ್ಳೆ? ಹಳೇ ಕನ್ನಡ ಅದು. ನಿಮ್ಮ ಕಾಲದೋರಿಗೆ ತಿಳಿಯಕಿಲ್ಲ.”

“ಅಜ್ಜಿ ಹಳೇ ಮಾತು ನಂಗೆ ತಿಳೀತೈತೆ ಅಪ್ಪಾ. ಈ ಕಥೆ ಎಷ್ಟು ಸಲ ಕೇಳಿವ್ನಿ. ಮೀನು ಇಂಗ್ ಹೇಳಕಿಲ್ಲ. ಇದು ಯಾವ ಮಾತೂ ಅಲ್ಲ.”

ಅಪ್ಪ ಕೇಳಲಿಲ್ಲ. ಅವ್ವ ಚೊಂಬನ್ನು ಅಜ್ಜಿಯ ತುಟಿಗೆ ಹಿಡಿಯುತ್ತಿದ್ದಳು. ಆಗ ಪಕ್ಕದ ಮನೆಯ ಅಭಿರಾಮಿ ಅಕ್ಕ ಪೂಜೆಗೆ ತೆಂಗಿನಕಾಯಿ ಕೊಡಲು ಬಂದಳು. ಒಂದು ನೋಟ ನೋಡಿದಳು. ಕಾಯಿಯನ್ನು ನೆಲಕ್ಕಿಟ್ಟು ಚೊಂಬನ್ನು ಹಿಂದಕ್ಕೆ ಸರಿಸಿದಳು.

“ಬಾಯಿಗೆ ಏನೂ ಬಿಡಬ್ಯಾಡಕ್ಕಾ. ನುಂಗಕ್ಕೆ ಆಗ್ದಿದ್ರೆ ಶ್ವಾಸಕ್ಕೆ ಹೋಗ್ತೈತೆ.”

“ನಡೂವೆ ಬರ್ಬ್ಯಾಡ ಅಭಿರಾಮಿ. ಸಾಮಿ ಮಾತಾಡ್ತೈತೆ” ಎಂದ ಅಪ್ಪ.

“ಮಾತಾಡಲಿ ಅಣ್ಣೆ. ಒಂದೇ ಒಂದ್ ಕೇಳ್ತೀನಿ.” ಅಕ್ಕ ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. “ಪೆರಿಯವ್ವಾ, ನನ್ನ ನೋಡಿ ನಗು.”

ಅಜ್ಜಿಯ ಮುಖದ ಎಡಭಾಗ ಮಾತ್ರ ನಕ್ಕಿತು.

“ಎರಡೂ ಕೈ ಎತ್ತು.”

ಎಡಗೈ ಮೇಲೆ ಹೋಯಿತು. ಬಲಗೈ ಸ್ವಲ್ಪ ಎದ್ದು ಮಡಿಲಿಗೆ ಬಿತ್ತು.

“ಸಾಮಿಗೇ ಕೈ ಎತ್ತು ಅಂತೀಯಲ್ಲ” ಎಂದು ಅಪ್ಪ ರೇಗಿದ.

“ಸಾಮಿಯಾದ್ರೆ ಎರಡೂ ಕೈ ಎತ್ತಲಿ ಅಣ್ಣೆ. ಒಂದೇ ಕೈಯಾಗೆ ವರ ಕೊಡೋ ಸಾಮೀನ ನಾನ್ ಕಂಡಿಲ್ಲ. ಇದು ಸ್ಟ್ರೋಕು. ತಲೆಗೆ ರಕ್ತ ಓಗೋ ನರ ಕಟ್ಟೈತೋ ಒಡ್ದೈತೋ. ತೇನ್‌ಮೊಳಿ, 108ಕ್ಕೆ ಫೋನ್ ಮಾಡು ಕಂದಾ. ಸ್ಟ್ರೋಕು ಅಂತಾನೇ ಹೇಳು.”

ನಾನು ಫೋನ್ ಮಾಡಿದೆ. ಆಂಬುಲೆನ್ಸ್ ಬರುವ ಮೊದಲು ಅಜ್ಜಿಯ ಬಾಯಿ ಸ್ವಲ್ಪ ನೆಟ್ಟಗಾಯಿತು. “ಮೀನು” ಎಂದು ಸ್ಪಷ್ಟವಾಗಿ ಅಂದಳು. ಅಪ್ಪನಿಗೆ ಜೀವ ಬಂತು.

“ನೋಡ್ದಾ, ಸರಿ ಹೋಯ್ತು. ವಯಸ್ಸಾಗೈತೆ, ಉಪಾಸ ಬ್ಯಾರೆ. ಮಲಗ್ಸಿದ್ರೆ ಎದ್ದೇಳ್ತಾಳೆ. ಇಲ್ಲಾಂದ್ರೆ ನಾಳೆ ಎಣ್ಣೆ ಉಜ್ಜೋರ ತಾವ ಕರ್ಕಂಡು ಓಗಾನ.”

ಅಭಿರಾಮಿ ಅಕ್ಕ ಅಪ್ಪನನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು.

“ನಮ್ಮ ಯಜಮಾನ್ರಿಗೂ ಹಿಂಗೇ ಆಯ್ತು ಅಣ್ಣೆ. ಬೆಳಿಗ್ಗೆ ಕೈ ಜೋಮು ಹಿಡೀತು, ಕಾಪಿ ಕುಡಿಯೋದ್ರಲ್ಲಿ ಸರಿ ಹೋಯ್ತು. ನಗಾಡ್ಕಂಡು ತೋಟಕ್ಕೆ ಓದ್ರು. ಸಾಯಂಕಾಲ ಬಿದ್ರು. ನಾವ್ ಎಣ್ಣೆ ಉಜ್ಜೋರ ತಾವ ಓದ್ವಿ. ಆಸ್ಪತ್ರೆಗೆ ಓದಾಗ ಡಾಕ್ಟ್ರು, ಹೊತ್ತು ಮೀರೈತೆ ತಾಯಿ, ಅಂದ್ರು. ದ್ರಾಕ್ಷಿ ಕತ್ರಿ ಹಿಡಿಯೋದ್ರಾಗೆ ನಮ್ಮ ತಂಗವೇಲ್‌ನ ಬಿಟ್ರಿಲ್ಲ ಅಂತ ನೀನೇ ಹೇಳ್ತಿದ್ದೆ. ಈಗ ಅವ್ರ ಅಂಗಿ ಗುಂಡಿ ನಾನ್ ಹಾಕ್ತೀನಿ.”

ಆಂಬುಲೆನ್ಸ್ ಬಂದಾಗ ಅಪ್ಪನೇ ಅಜ್ಜಿಯನ್ನು ಎತ್ತಿಕೊಂಡ. ಅಭಿರಾಮಿ ಅಕ್ಕನೂ ನಮ್ಮ ಜೊತೆ ಹತ್ತಿದಳು.

ಹತ್ತಿರದ ಸಣ್ಣ ಆಸ್ಪತ್ರೆಗೆ ಹೋಗೋಣ ಎಂದು ಅವ್ವ ಅಂದದ್ದಕ್ಕೆ ಆಂಬುಲೆನ್ಸಿನವರು ಒಪ್ಪಲಿಲ್ಲ. ತಲೆಯ ಸ್ಕ್ಯಾನ್ ಇರುವ ಕಡೆಗೇ ಹೋಗಬೇಕು, ಇಲ್ಲದಿದ್ದರೆ ಮತ್ತೆ ಅಲ್ಲಿಂದ ಇನ್ನೊಂದು ಕಡೆಗೆ ಹೊತ್ತು ಹಾಳು ಎಂದರು. ತೇನಿಯ ದೊಡ್ಡಾಸ್ಪತ್ರೆಗೆ ದಾರಿಯಿಂದಲೇ ಫೋನ್ ಮಾಡಿದರು. ಬಾಳೆತೋಟಗಳು ಕಿಟಕಿಯಲ್ಲಿ ಹಿಂದಕ್ಕೆ ಓಡುತ್ತಿದ್ದವು. ನಾನು ಅಜ್ಜಿಯ ಕೈ ಹಿಡಿದಿದ್ದೆ. ಅದು ನನ್ನ ಕೈಯನ್ನು ಹಿಡಿದಿರಲಿಲ್ಲ. ಈ ಬಾಯಿ ಮತ್ತೆ ಮಾತಾಡದಿದ್ದರೆ ಎಷ್ಟು ಹಸುಗಳು, ಎಷ್ಟು ಹೊಳೆಗಳು ಅವಳೊಳಗೇ ಉಳಿದುಬಿಡುತ್ತವಲ್ಲ ಎಂದು ಭಯವಾಯಿತು.

ಆಸ್ಪತ್ರೆಯಲ್ಲಿ ನರರೋಗ ತಜ್ಞರಾದ ಬಾಲಮುರುಗನ್ ಡಾಕ್ಟರ್ ಕಾಯುತ್ತಿದ್ದರು. ಮೊದಲು ಕೇಳಿದ್ದು ಒಂದೇ ಮಾತು. “ಕೊನೆಯ ಸಲ ಇವರು ಸರಿಯಾಗಿದ್ದದ್ದು ಯಾವಾಗ?”

“ಮೂರು ಗಂಟೆ ಬಸ್ಸು ಹೋಗುವಾಗ ಸರಿಯಾಗಿದ್ದರು ಸಾರ್. ಬಸ್ಸಿನವನನ್ನು ಹಾಸ್ಯ ಮಾಡಿದರು” ಎಂದೆ.

“ಬಹಳ ಒಳ್ಳೆಯದಮ್ಮ. ಇದು ಗೊತ್ತಿದ್ದರೆ ಅರ್ಧ ದಾರಿ ಸಿಕ್ಕ ಹಾಗೆ.”

ಕೂಡಲೇ ತಲೆಗೆ ಸ್ಕ್ಯಾನ್ ಆಯಿತು. ರಕ್ತಸ್ರಾವ ಇರಲಿಲ್ಲ, ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿತ್ತು. ಡಾಕ್ಟರ್ ಅಪ್ಪನನ್ನೂ ನನ್ನನ್ನೂ ಪಕ್ಕಕ್ಕೆ ಕರೆದು ತಮಿಳಿನಲ್ಲಿ ಬಿಡಿಸಿ ಹೇಳಿದರು.

“ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಇದೆ. ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೇಗ ಕೊಟ್ಟಷ್ಟೂ ಫಲ ಹೆಚ್ಚು. ನಾಳ ಮುಚ್ಚಿದ್ದರೆ ಪ್ರತಿ ನಿಮಿಷ ಮೆದುಳಿನ ಲಕ್ಷಗಟ್ಟಲೆ ಕೋಶಗಳು ಸಾಯುತ್ತವೆ. ಆದರೆ ಸುಳ್ಳು ಹೇಳುವುದಿಲ್ಲ. ಕೆಲವರಿಗೆ ಈ ಔಷಧಿಯಿಂದ ತಲೆಯೊಳಗೆ ರಕ್ತ ಬರಬಹುದು. ಇವರಿಗೆ ಅಪಾಯಕ್ಕಿಂತ ಲಾಭವೇ ಹೆಚ್ಚು ಅಂತ ನನ್ನ ಅಭಿಪ್ರಾಯ. ನೀವು ಒಪ್ಪಬೇಕು.”

ಅಪ್ಪ ನನ್ನನ್ನು ನೋಡಿದ. “ಏನ್ ಮಾಡಾನ ತಾಯಿ?”

ಅಪ್ಪ ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. “ಕೊಡ್ಸಪ್ಪಾ” ಎಂದೆ. ಅವನು ತಲೆಯಾಡಿಸಿದ.

ಇಂಜೆಕ್ಷನ್ ಕೊಟ್ಟರು. ನಾವು ಹೊರಗೆ ಬೆಂಚಿನ ಮೇಲೆ ಕೂತೆವು. ಅಪ್ಪ ಮನೆದೇವರ ಹೆಸರು ಹೇಳುತ್ತಿದ್ದ. ಅಭಿರಾಮಿ ಅಕ್ಕ ಅವ್ವನಿಗೆ ಬಲವಂತದಿಂದ ಟೀ ಕುಡಿಸಿದಳು.

ಸಂಜೆಯ ಹೊತ್ತಿಗೆ ಡಾಕ್ಟರ್ ನನ್ನನ್ನು ಒಳಗೆ ಕರೆದರು. ಪೆನ್ನು ತೋರಿಸಿ ತಮಿಳಿನಲ್ಲಿ ಇದೇನು ಎಂದು ಕೇಳುತ್ತಿದ್ದರು. ಅಜ್ಜಿ ಮಿಕಿಮಿಕಿ ನೋಡುತ್ತಿದ್ದಳು.

“ಮನೆಯಲ್ಲಿ ಯಾವ ಮಾತು?” ಎಂದರು.

“ಕನ್ನಡ ಸಾರ್.”

“ಮೊದಲೇ ಹೇಳಬಾರದೇ? ಎರಡು ಮಾತು ಬಲ್ಲವರಿಗೆ ಎರಡೂ ಒಂದೇ ಸಲ ವಾಪಸು ಬರಬೇಕೆಂದಿಲ್ಲ. ಮನೆಮಾತಲ್ಲೂ ಕೇಳಿ ನೋಡಲೇಬೇಕು. ನೀನು ಕೇಳು.”

ನಾನು ನನ್ನ ಕೈಯನ್ನೇ ಅವಳ ಕಣ್ಣ ಮುಂದೆ ಹಿಡಿದೆ. “ಅಜ್ಜೀ, ಇದು ಏನು?”

ಅವಳು ಬಹಳ ಹೊತ್ತು ನೋಡಿದಳು. ತುಟಿ ಅಲುಗಿತು.

“ಕಯ್ಯಿ.” ಆಮೇಲೆ ನಿಧಾನವಾಗಿ, “ತೊಳ್ದಿಲ್ಲ.”

ಮಧ್ಯಾಹ್ನ ಹೂ ಕಟ್ಟಿದ ಕೈ ಅದು, ನಿಜವಾಗಿ ಕೊಳೆಯಾಗಿತ್ತು. ನಾನು ಅಳುತ್ತಾ ನಕ್ಕೆ. ಬಾಗಿಲ ಬಳಿ ನಿಂತಿದ್ದ ಅಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ಅಜ್ಜಿಯನ್ನು ಮನೆಗೆ ಕಳಿಸುವ ದಿನ ಡಾಕ್ಟರ್ ನಮ್ಮನ್ನೆಲ್ಲ ಕೂರಿಸಿಕೊಂಡು ಮಾತಾಡಿದರು. ಮೊದಲು ಈ ಔಷಧಿಯನ್ನು ಒಂದು ಗಂಟೆ ಕಾಲ ಹನಿಹನಿಯಾಗಿ ಕೊಡಬೇಕಿತ್ತಂತೆ. ಈಗ ಒಂದೇ ಸಲಕ್ಕೆ ಕೊಡುವ ಹೊಸದೂ ಬಂದಿದೆಯಂತೆ. ದೊಡ್ಡ ನಾಳವೇ ಮುಚ್ಚಿದ್ದರೆ ತೊಡೆಯ ಬಳಿಯಿಂದ ಸಣ್ಣ ಕೊಳವೆ ತೂರಿಸಿ ಹೆಪ್ಪನ್ನು ಎಳೆದು ತೆಗೆಯುವ ತಜ್ಞರು ದೊಡ್ಡ ಊರುಗಳಲ್ಲಿದ್ದಾರೆ. ಸ್ಕ್ಯಾನ್ ನೋಡಿ ಆರಿಸಿದ ಕೆಲವರಿಗೆ ಒಂದು ದಿನದವರೆಗೂ ಅದನ್ನು ಮಾಡುತ್ತಾರೆ. “ಆದರೆ ಅದನ್ನು ನಂಬಿ ಯಾರೂ ತಡಮಾಡಬಾರದು” ಎಂದರು.

“ಮನೇಲಿ ರಕ್ತ ತೆಳು ಮಾಡೋ ಮಾತ್ರೆ ಏನಾದ್ರೂ ಕೊಟ್ಟಿರ್ಬೋದಿತ್ತಾ ಸಾರ್?” ಎಂದು ಅಪ್ಪ ಕೇಳಿದ.

“ಬೇಡವೇ ಬೇಡ. ಕಟ್ಟಿದೆಯೋ ಒಡೆದಿದೆಯೋ ಸ್ಕ್ಯಾನಿಗೆ ಮಾತ್ರ ಗೊತ್ತು. ಒಡೆದಿದ್ದರೆ ಆ ಮಾತ್ರೆಯೇ ವಿಷ.” ಆಮೇಲೆ ಅಜ್ಜಿಯ ಕಡೆ ತಿರುಗಿದರು. “ಪಾಟಿ, ವ್ರತ ಮಾಡಿ. ಮಾತ್ರೆ ಬಿಡಬೇಡಿ. ಉಪವಾಸ ಮಾಡುವುದಿದ್ದರೆ ಮುಂಚೆಯೇ ನನ್ನನ್ನು ಕೇಳಿ. ನಿಮ್ಮ ಸಾಮಿ ಬೇಡ ಅನ್ನುತ್ತಾನಾ?”

“ಅನ್ನಕಿಲ್ಲ. ಅವ್ನ್ ನಿಮ್ಮಂಗೇ, ಬಯ್ಯೋದಷ್ಟೇ” ಎಂದಳು ಅಜ್ಜಿ. ಮಾತು ನಿಧಾನ, ನಡುನಡುವೆ ತಡವರಿಕೆ. ಆದರೂ ಅದು ಅವಳದೇ ಮಾತು. ನಾನು ಅದನ್ನು ತಮಿಳಿಗೆ ತಿರುಗಿಸಿ ಹೇಳಿದಾಗ ಡಾಕ್ಟರ್ ಜೋರಾಗಿ ನಕ್ಕರು.

ಹೊರಡುವ ಮೊದಲು ಅಜ್ಜಿ ಕೈ ಮುಗಿದಳು. ಡಾಕ್ಟರ್ ಬೇಡವೆಂದರು. “ನನಗಲ್ಲ ಪಾಟಿ. ಈ ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ಅಂತ ತಿಳಿಯಲು ಸಾವಿರಾರು ರೋಗಿಗಳು ಅಧ್ಯಯನಕ್ಕೆ ಒಪ್ಪಿದರು. ಯಾವ ಯಾವುದೋ ದೇಶದವರು. ಅವರಲ್ಲಿ ಎಲ್ಲರೂ ಬದುಕಲಿಲ್ಲ. ಅವರು ಒಪ್ಪಿದ್ದರಿಂದ ನಮಗೆ ದಾರಿ ತಿಳಿಯಿತು.”

ಈಗ ಅಜ್ಜಿ ದಿನವೂ ಬಲಗೈಯಲ್ಲಿ ಹಿಟ್ಟು ನಾದುತ್ತಾಳೆ. ಅದು ಅವಳ ವ್ಯಾಯಾಮ. ಚಪಾತಿ ದುಂಡಗಾಗುವುದಿಲ್ಲ, ಯಾರೂ ದೂರುವುದಿಲ್ಲ. ಕಥೆಯ ನಡುವೆ ಒಂದು ಮಾತು ಸಿಗದಿದ್ದರೆ ಕಾಯುತ್ತೇವೆ. ಹೆಚ್ಚಿನ ಸಲ ಸಿಗುತ್ತದೆ.

ಅಂದು ನಿಂತುಹೋದ ಪೂಜೆಯನ್ನು ತಿಂಗಳಾದ ಮೇಲೆ ಮಾಡಿದೆವು. ನೆಂಟರೆಲ್ಲ ಸೇರಿದ್ದರು. ದೀಪ ಹಚ್ಚುವ ಮುಂಚೆ ಅಪ್ಪ ಎದ್ದು ನಿಂತ.

“ಎಲ್ರೂ ಕೇಳ್ರಿ. ಇನ್ಮ್ಯಾಗೆ ಯಾರ ಮ್ಯಾಲೆ ಸಾಮಿ ಬಂದ್ರೂ ಮೊದ್ಲು ನಗ್ಸಿ ನೋಡ್ತೀನಿ, ಕೈ ಎತ್ತಿಸ್ತೀನಿ, ಒಂದ್ ಮಾತಾಡಿಸ್ತೀನಿ. ಸಾಮಿ ಕೋಪ ಮಾಡ್ಕಳಕಿಲ್ಲ. ಮಾಡ್ಕಂಡ್ರೆ ನಂಗಾಗಲಿ.” ಆಮೇಲೆ ಅಭಿರಾಮಿ ಅಕ್ಕನನ್ನೂ ತಂಗವೇಲ್ ಅಣ್ಣನನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದ. ಮೊದಲ ಪ್ರಸಾದ ಅವರಿಗೆ ಕೊಟ್ಟ.

ಅಜ್ಜಿ ಒಂದೊಂದು ದೀಪಕ್ಕೂ ಒಂದೊಂದು ಹೆಸರು ಹೇಳಿ ಹಚ್ಚಿದಳು. ಅಭಿರಾಮಿಗೆ, ಡಾಕ್ಟರಿಗೆ, ಆಂಬುಲೆನ್ಸಿನವರಿಗೆ. ಕೊನೆಗೆ ಒಂದು ದೀಪ ಉಳಿಯಿತು.

“ಇದು ಯಾರಿಗಜ್ಜಿ?” ಎಂದೆ.

“ಆ ದೂರದ ರೋಗಿಗಳ್ಗೆ. ಎಸ್ರು ಗೊತ್ತಿಲ್ಲ. ದೀಪಕ್ಕೆ ಗೊತ್ತಿರ್ತೈತೆ ಬಿಡು.”

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ತಾಯಿ, ನಿಮ್ಮಲ್ಲಿ ಒಂದೇ ಬೇಡಿಕೆ. ಮನೆಯಲ್ಲಿ ಯಾರದಾದರೂ ಮುಖ ಒಂದು ಕಡೆ ಜೋತರೆ, ಒಂದು ಕೈಯೋ ಕಾಲೋ ಸೋತರೆ, ಮಾತು ತೊದಲಿದರೆ ಅಥವಾ ಅರ್ಥ ತಪ್ಪಿದರೆ ಗಡಿಯಾರ ನೋಡಿಕೊಳ್ಳಿ. ಕೊನೆಯ ಸಲ ಸರಿಯಾಗಿದ್ದ ಹೊತ್ತನ್ನು ನೆನಪಿಡಿ. ಬಾಯಿಗೆ ನೀರೂ ಬೇಡ, ಮಾತ್ರೆಯೂ ಬೇಡ. ತಾನಾಗಿ ಸರಿಹೋದರೂ ಮಲಗಿಸಿ ಕಾಯಬೇಡಿ. 108ಕ್ಕೆ ಕರೆ ಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ರಕ್ತದೊತ್ತಡದ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಯಾರ ಯಾರದೋ ಒಳ್ಳೆಯತನದಿಂದ ಈ ಚಿಕಿತ್ಸೆ ನಮ್ಮ ಬಾಗಿಲವರೆಗೆ ಬಂದಿದೆ. ಉಳಿದ ನಾಲ್ಕು ಹೆಜ್ಜೆಯನ್ನು ನಾವು ಓಡಿದರೆ ಸಾಕು.